ಚಿಕ್ಕ ಬೈರಿಗೆ

ದೊಡ್ಡಆಲಹಳ್ಳಿ, ೧೯೨೩

ತೀರ್ಥರೂಪು ಅಪ್ಪನವರ ಪಾದಗಳಿಗೆ ಮಂಗಳಗೌರಿಯ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ಒಂದು ವಸ್ತು ಬೇಕಾಗಿ ಬರೆಯುತ್ತಿದ್ದೇನೆ. ನಮ್ಮ ಚನ್ನಪಟ್ಟಣದ ಅಂಗಡಿಯಲ್ಲಿ ನಾನು ಸೆಲ್ಯುಲಾಯ್ಡ್ ಬಾಚಣಿಗೆ, ಬಳೆಗಳನ್ನು ಕೊರೆಯುತ್ತಿದ್ದ ಚಿಕ್ಕ ಕೈಬೈರಿಗೆ ನನಗೆ ಬೇಕು.

ಮೊನ್ನೆ ಪಕ್ಕದ ಮನೆಯ ಮಾರಕ್ಕನ ಸೆಲ್ಯುಲಾಯ್ಡ್ ಬಾಚಣಿಗೆ ಎರಡು ತುಂಡಾಯಿತು. ತೂತು ಕೊರೆದು ತಂತಿಯಿಂದ ಜೋಡಿಸಿಕೊಡುತ್ತೇನೆಂದು ಬಡಗಿಯ ಬೈರಿಗೆ ಕೇಳಿ ತಂದುಕೊಂಡೆ. ನೀವು ಕಲಿಸಿದಂತೆ ಒಲೆಯಿಂದ ದೂರ, ಹಿತ್ತಲಲ್ಲಿ ಕುಳಿತು, ತುಂಡುಗಳನ್ನು ಹಲಗೆಗೆ ಬಿಗಿದೆ. “ಜೋರಾಗ್ ತಿರುಗುಸ್ಬ್ಯಾಡ ಮಗಾ, ಬಿಸಿಯಾದ್ರೆ ಹತ್ಕಂಡ್ ಉರೀತದೆ” ಎಂಬ ನಿಮ್ಮ ಮಾತು ಕಿವಿಯಲ್ಲೇ ಇತ್ತು. ನಿಧಾನವಾಗಿಯೇ ತಿರುಗಿಸಿದೆ, ನಡುನಡುವೆ ನೀರು ತೊಟ್ಟಿಕ್ಕಿಸಿದೆ. ಆದರೂ ಆ ದಪ್ಪ ಮೊನೆಗೆ ಬಾಚಣಿಗೆ ಸೀಳಿಹೋಯಿತು.

“ಓಗ್ಲಿ ಬುಡವ್ವ, ಸಂತೇಲಿ ಬ್ಯಾರೆ ತಕ್ಕತೀನಿ” ಎಂದಳು ಮಾರಕ್ಕ. ನನಗೆ ಅಳು ತಡೆಯಲಾಗಲಿಲ್ಲ.

ಅತ್ತೆ ಬಂದು, “ಬಾಚಣಿಗೆಗ್ಯಾಕವ್ವ ಇಷ್ಟೊಂದ್ ಅಳ್ತೀಯ?” ಎಂದು ಕೇಳಿದರು. ಸ್ವಲ್ಪ ಹೊತ್ತು ಹತ್ತಿರವೇ ಕುಳಿತಿದ್ದು, “ನಿಮ್ಮಪ್ಪಂಗೆ ಒಂದ್ ಕಾಗ್ದ ಬರಿ” ಎಂದವರೂ ಅವರೇ.

ಅಂಗಡಿಯಲ್ಲಿ ನಿಮ್ಮ ಎಡಗಡೆ ನಾನು ಕೂರುತ್ತಿದ್ದ ಮಣೆಯ ಮೇಲೆ ಇನ್ನೂ ಯಾರನ್ನೂ ಕೂರಿಸಿಲ್ಲವೆಂದು ಅಣ್ಣ ಬರೆದಿದ್ದಾನೆ. ಕೆಲಸಕ್ಕೆ ತೊಂದರೆಯಾಗುತ್ತದೆ ಅಪ್ಪ, ಯಾರನ್ನಾದರೂ ಕೂರಿಸಿ.

ಬೈರಿಗೆಯನ್ನು ಗಾಡಿಯವರ ಕೈಗೆ ಕೊಡಬೇಡಿ, ಮೊನೆ ಮುರಿದೀತು. ನನ್ನ ಮದುವೆಯಾದ ಮೇಲೆ ನೀವು ಈ ಊರಿಗೆ ಬಂದೇ ಇಲ್ಲ. ನೀವೇ ತನ್ನಿ. ಹಿತ್ತಲಲ್ಲಿ ಹೊಂಗೆಮರದ ನೆರಳಿದೆ. ಇಬ್ಬರೂ ಕುಳಿತು ಕೆಲಸ ಮಾಡುವಷ್ಟು ಜಾಗ ಗುಡಿಸಿಟ್ಟಿದ್ದೇನೆ.

ನಿಮ್ಮ ಮಗಳು,
ಮಂಗಳಗೌರಿ