ಶಿವರಾಜರ ಫೈಲು

ಜೂನ್ 10, ಮಂಗಳವಾರ. ವಾಕಡ, ಪುಣೆ.

ಇವತ್ತಿನ ಡೆಮೋ ಕೆಟ್ಟಿತು. ಆದರೂ ಸೋತಂತೆ ಅನಿಸುತ್ತಿಲ್ಲ.

ಬೇರೆ ಬೇರೆ ವಿಭಾಗಗಳ ಡೇಟಾವನ್ನು ಒಂದೇ ಪರದೆಯಲ್ಲಿ ಬೆಸೆಯುವ ನಮ್ಮ ಟೂಲನ್ನು ಬೇರೊಂದು ಕಂಪನಿಯ ಮೂವತ್ತು ಡೆವಲಪರುಗಳಿಗೆ ತೋರಿಸುತ್ತಿದ್ದೆ. ಅವರಲ್ಲಿ ಹಿರಿಯರಾದ ಶಿವರಾಜ ಎದ್ದು, "ಮೇಡಂ, ನಿಮ್ಮ ಡೇಟಾ ಭಾಳ ಚಂದ ಅದರಿ. ನಮ್ಮದು ಹಂಗ ಇರೂದಿಲ್ಲ. ಅದನ್ನ ಹಾಕಿ ತೋರಸ್ರಿ" ಎಂದರು. ಎಲ್ಲರೂ ನಕ್ಕರು.

ಅವರು ಕೊಟ್ಟ ಫೈಲನ್ನು ಹಾಕಿದೆ. ಪರದೆಯ ಮೇಲೆ ಒಬ್ಬನೇ ಗ್ರಾಹಕ ಮೂರು ಹೆಸರಿನಲ್ಲಿ ಮೂರು ಸಲ ಬಂದ. "ಮೂರೂ ಒಬ್ಬರೇ ಅಂತ ಟೂಲಿಗೆ ಇನ್ನೂ ಗೊತ್ತಾಗ್ತಿಲ್ಲ ಸರ್. ಗುರುವಾರ ಸರಿ ಮಾಡ್ಕೊಂಡು ಬರ್ತೀನಿ" ಎಂದೆ.

ಶಿವರಾಜ ನಗಲಿಲ್ಲ. "ಬರ್ರಿ. ಇದಕ್ಕಿಂತ ಕೆಟ್ಟ ಫೈಲ್ ಕೊಡ್ತೀನಿ" ಎಂದರು.

ಮ್ಯಾನೇಜರನ್ನು ಕೇಳದೆ ಕೊಟ್ಟ ಮಾತು. ಬೈದರೆ ಬೈಯಲಿ. ನಾಳೆ ಎಂಟಕ್ಕೇ ಆಫೀಸು ಸೇರಿ ಶುರು ಮಾಡುತ್ತೇನೆ. ಕಣ್ಣು ಎಳೆಯುತ್ತಿದೆ.