ಹೊಸಿಲ ಮೇಲಿನ ಮಾತು

ನಿವೃತ್ತ ಸುಬೇದಾರ್ ರುದ್ರಮುನಿಯವರಿಗೆ,

ನಾನು ಸಿಂಗಾಪುರ ಹಳ್ಳಿಯ ಪಟಾಲಮ್ಮ, ದಿವಂಗತ ಮುನಿಆಂಜಿನಪ್ಪನವರ ಹೆಂಡತಿ. ಸೈನ್ಯಕ್ಕೆ ತಯಾರು ಮಾಡಲು ನೀವು ಹುಡುಗರನ್ನು ಓಡಿಸುವ ಮೈದಾನ, ನಾನು ಬಿಟ್ಟುಕೊಟ್ಟ ನಮ್ಮ ರಾಗಿ ಹೊಲ. ಈ ಮನೆಯಲ್ಲಿ ನನ್ನ ಮಾತು ಮೀರಿದವರಿಲ್ಲ.

ಕಮಾಂಡೊ ಆಯ್ಕೆಗೆಂದು ನನ್ನ ಮೊಮ್ಮಗ ಮಹೇಂದ್ರನ ಬೆನ್ನಿಗೆ ನೀವು ಮರಳಿನ ಮೂಟೆ ಹೊರಿಸಿದಿರಿ. ಹೆಗಲ ಚರ್ಮ ಸುಲಿದರೂ ನಾನು ಕೇಳಲಿಲ್ಲ. ಆದರೆ ಒಂದು ಬೆಳಿಗ್ಗೆ ಅವನು ಹೊಸಿಲಲ್ಲಿ ನಿಂತು, "ಅಜ್ಜಿ, ಹೋಗ್ತೀನಿ" ಎಂದ.

"ಹೋಗ್ತೀನಿ ಅಂತಾರೇನೋ, ಮುಂಡೇದೇ? ಬರ್ತೀನಿ ಅನ್ನು."

"ವಾಪಸ್ ಬರೋದನ್ನ ನೆನೆಸ್ಕೊಂಡ್ರೆ ಅಲ್ಲಿ ಕಾಲು ನಿಂತೋಗುತ್ತೆ ಅಂತ ಸಾರ್ ಹೇಳವ್ರೆ ಅಜ್ಜಿ."

ಆಮೇಲೆ ಅವನ ಬಾಯಲ್ಲಿ ಬರ್ತೀನಿ ಅನ್ನೋ ಮಾತು ಬರಲೇ ಇಲ್ಲ. ಅವನ ಅಪ್ಪ ಆಸ್ಪತ್ರೆಗೆ ಹೊರಟಾಗ ಬರ್ತೀನಿ ಎಂದೇ ಹೋಗಿದ್ದ; ಬರಲಿಲ್ಲ.

ನಿನ್ನೆ ಮಹೇಂದ್ರ ಆಯ್ಕೆಗೆ ಹೊರಟ. ನನ್ನ ಸೊಸೆ ನಯನಾ ಮಗನ ಕೈ ಹಿಡಿದು, "ಒಂದ್ಸಲ ಬರ್ತೀನಿ ಅನ್ನೋ" ಎಂದು ಅತ್ತಳು. ಅವನು ನನ್ನ ಮುಖ ನೋಡಿದ. ನಾನು ಹೇಳು ಎಂದಿದ್ದರೆ ಹೇಳುತ್ತಿದ್ದ. ಹೇಳಿದ್ದರೆ, ನೀವು ಕಟ್ಟಿದ ಮನಸ್ಸು ಅಲ್ಲೇ ಬಿಚ್ಚಿಹೋಗುತ್ತಿತ್ತು.

ಮೈದಾನ ನಿಮ್ಮಲ್ಲೇ ಇರಲಿ. ಆದರೆ ಬೇರೆ ಹುಡುಗರಿಗೆ ಈ ಪಾಠ ಹೇಳುವ ಮೊದಲು ಅವರ ತಾಯಂದಿರಿಗೆ ತಿಳಿಸಿ. ಮಹೇಂದ್ರನ ಸುದ್ದಿ ಏನೇ ಬಂದರೂ ನಯನಾಗೆ ಫೋನ್ ಮಾಡಬೇಡಿ. ಮನೆಗೆ ಬಂದು ನನಗೆ ಹೇಳಿ.

ನಿನ್ನೆ ಮಗನನ್ನು ಹಿಡಿದಿದ್ದ ಅವಳ ಕೈ ಬಿಡಿಸಿದವಳು ನಾನೇ. ಹೋಗಿ ಬಾ ಎನ್ನಲಿಲ್ಲ. ಹೊರಡುವವರಿಗೆ ಈ ಮನೆಯಲ್ಲಿ ಯಾರೂ ಅನ್ನದ ಮಾತನ್ನು ಅವನಿಗೆ ಅಂದೆ: "ಹೋಗು."

ಇಂತಿ,
ಪಟಾಲಮ್ಮ