ಡಿಸೆಂಬರಿನ ಊರು

ಖೈರುನ್ನಿಸಾಗೆ,

ನಿನಗೆ ಸಲಾಂ. ಇದು ಕ್ಷಮೆ ಕೇಳುವ ಕಾಗದ ಎಂದು ಮೊದಲ ಸಾಲಿನಲ್ಲೇ ಖುಷಿಪಡಬೇಡ. ಕಳೆದ ಶುಕ್ರವಾರ ಫೋನಿನಲ್ಲಿ ಕೂಗಾಡಿ, ನಿನ್ನ ಮಾತು ಮುಗಿಯುವ ಮೊದಲೇ ಕಟ್ ಮಾಡಿದವನು ನಾನೇ. ಫೋನ್ ಹಿಡಿದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಅದು ನಿನಗೆ ಮದುವೆಯಾದ ವಾರದಲ್ಲೇ ಗೊತ್ತಾಗಿದೆ. ಬರೆಯುವಾಗ ಹಾಗಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಕೈ ಇದು, ಒಂದು ಒತ್ತಕ್ಷರ ಮೂಡಿಸುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ. ಮನೆಯಲ್ಲಿ ಆಡುವ ಬ್ಯಾರಿ ಭಾಷೆಯನ್ನು ಬರೆಯಲು ನನಗೆ ಬಾರದು, ಮೇಷ್ಟ್ರು ಹೊಡೆದು ಕಲಿಸಿದ ಕನ್ನಡವೇ ಇರಲಿ. ಫೋನು ಬರುವ ಮೊದಲು ನಾವು ಸಂಸಾರ ಮಾಡಿದ್ದು ಇದರಲ್ಲೇ ಅಲ್ಲವಾ?

ಜುಮಾ ಮುಗಿಸಿ ಬಂದು ಕೂತಿದ್ದೇನೆ. ಹೊರಗೆ ಮರಳ ನಡುವಿನ ಈ ಊರು ಮದೀನತ್ ಜಾಯೆದ್ ಕಾದ ಕಾವಲಿಯ ಹಾಗಿದೆ. ರೂಮಿನವರೆಲ್ಲ ಮಲಗಿದ್ದಾರೆ.

ನೀನು ಹೇಳಿದ್ದು ದೊಡ್ಡ ಮಾತೇನಲ್ಲ. "ನನಗೆ ಉಚ್ಚಿಲದಲ್ಲಿ ಇನ್ನು ಆಗುದಿಲ್ಲ. ಡಾಕ್ಟ್ರು ಒಣ ಹವೆಯ ಕಡೆ ಇರಿ ಅಂತ ಹೇಳಿದ್ದಾರೆ. ದಾವಣಗೆರೆಯಲ್ಲಿ ಮಗಳು ಶಿಫಾನಾಳ ಹತ್ತಿರ ಒಂದು ಸಣ್ಣ ಮನೆ ಮಾಡುವ." ಅಷ್ಟೇ. ಆದರೆ ನನ್ನ ತಲೆಗೆ ಬೆಂಕಿ ಬಿತ್ತು. ಇನ್ನು ಐದು ತಿಂಗಳಲ್ಲಿ ಇಲ್ಲಿಯ ಕೆಲಸ ಮುಗಿಸಿ, ಡಿಸೆಂಬರಿನಲ್ಲಿ ಬಂದು ಚಾವಡಿಯಲ್ಲಿ ಕೂತು ಕಡಲು ನೋಡುತ್ತೇನೆ ಎಂದು ಕಾಯುತ್ತಿದ್ದವನು ನಾನು. ಬೆವರು ಬಂದಾಗಲೆಲ್ಲ ಆ ಗಾಳಿ ನೆನೆಸಿಕೊಂಡು ಡ್ಯೂಟಿ ಮಾಡಿದವನು. ಅಂಥವನಿಗೆ ದಾವಣಗೆರೆ! ಮಂಡಕ್ಕಿ ತಿಂದು ಸಾಯಲಿಕ್ಕೆ ನಾನು ಇಷ್ಟು ವರ್ಷ ಮರಳಲ್ಲಿ ಬೆಂದೆನಾ ಎಂದು ಕೇಳಿದೆ. ಕಡಲಿನವರಿಗೆ ಕಡಲ ಹವೆ ಆಗುವುದಿಲ್ಲ ಎಂದರೆ ಮೀನಿಗೆ ನೀರು ಆಗುವುದಿಲ್ಲ ಎಂದ ಹಾಗೆ, ಡಾಕ್ಟ್ರಿಗೆ ತಲೆ ಸರಿ ಇಲ್ಲ ಎಂದೆ. ಆಗ ನೀನು ಒಂದು ಮಾತು ಹೇಳಿದೆ, ದನಿ ಏರಿಸದೆ.

"ನೀವು ಡಿಸೆಂಬರಿಗೆ ಬಂದು ಹೋಗುವವರು. ನಿಮಗೆ ಇಲ್ಲಿಯ ಮಳೆಗಾಲ ಗೊತ್ತುಂಟಾ?"

ನಾನು ಫೋನ್ ಕಟ್ ಮಾಡಿದ್ದು ಆಗ. ನೀನು ಮುಂದೆ ಏನೋ ಹೇಳುತ್ತಿದ್ದೆ.

ಎಸಿ ರಿಪೇರಿ ಕೆಲಸದವನಿಗೆ ಬೇಸಿಗೆಯಲ್ಲಿ ರಜೆ ಕೊಡುವ ಮೂರ್ಖ ಈ ದೇಶದಲ್ಲಿ ಯಾರೂ ಇಲ್ಲ. ಏಪ್ರಿಲಿನಿಂದ ಅಕ್ಟೋಬರಿನವರೆಗೆ ನಮ್ಮ ಸೀಸನ್. ಊರಿನಲ್ಲಿ ತಾಯಿ ಸತ್ತರೂ ಫೋರ್‌ಮನ್ ಮುಖ ತಿರುಗಿಸುತ್ತಾನೆ. ನನ್ನ ತಾಯಿ ಜುಲೈಯಲ್ಲಿ ಸತ್ತಾಗ ಹಾಗೇ ಆಯಿತಲ್ಲ. ಆದ್ದರಿಂದ ನನಗೆ ರಜೆ ಸಿಕ್ಕಿದ್ದೆಲ್ಲ ಡಿಸೆಂಬರು, ಜನವರಿ. ಶಿಫಾನಾಳಿಗೆ ಹಲ್ಲು ಬಂದಾಗಿನಿಂದ ಅವಳ ಮದುವೆಯವರೆಗೆ ಊರಿನ ಒಂದು ಮಳೆಗೂ ನನ್ನ ತಲೆ ನೆನೆದಿಲ್ಲ. ನಾನು ಊರು ಊರು ಎಂದು ಎದೆ ಬಡಿದುಕೊಂಡದ್ದು ಆ ಒಂದು ತಿಂಗಳಿಗೆ. ತಿಳಿ ಆಕಾಶ, ಬೆಳಗ್ಗೆ ಸಣ್ಣ ಚಳಿ, ಸಂಜೆ ಕಡಲಿನಿಂದ ಹಗುರ ಗಾಳಿ, ನಿನ್ನ ಕೈಯ ಬೂತಾಯಿ ಮೀನಿನ ಸಾರು. ಒಳಗೆ ಕಾಲಿಟ್ಟರೆ ಬೆಳ್ಳಗೆ ಹೊಳೆಯುವ ಗೋಡೆ.

ಆ ಗೋಡೆಯ ವಿಷಯಕ್ಕೆ ಮತ್ತೆ ಬರುತ್ತೇನೆ.

ನಮ್ಮ ರೂಮಿನಲ್ಲಿ ಕನ್ನಡದವರು ಮೂವರು ಎಂದು ನಿನಗೆ ಗೊತ್ತು. ರಾಯಚೂರು ಕಡೆಯ ಮೌಲಾಲಿ, ನಂಜನಗೂಡಿನ ರಂಜಿತ್, ಮತ್ತೆ ನಾನು. ನಾನು ಸಿಟ್ಟಿನಲ್ಲಿ ಫೋನ್ ಬಿಸಾಡಿದ್ದನ್ನು ನೋಡಿ ವಿಷಯ ಕೇಳಿದರು, ಹೇಳಿದೆ. ಅಷ್ಟೇ ಸಾಕಾಯಿತು, ಪಂಚಾಯಿತಿ ಶುರು. ರಂಜಿತ್ ಮೊಬೈಲಿನಲ್ಲಿ ಎಂಥದೋ ತೆಗೆದು ಓದಿದ. ಕರ್ನಾಟಕದಲ್ಲಿ ಬದುಕಲಿಕ್ಕೆ ಯಾವ ಊರಿನ ಹವೆ ಒಳ್ಳೆಯದು ಎಂದು ಯಾರೋ ಕೂತು ಊರೂರಿಗೆ ಅಂಕ ಹಾಕಿದ್ದಾರಂತೆ, ಮೇಷ್ಟ್ರು ಪೇಪರ್ ತಿದ್ದಿದ ಹಾಗೆ. ಅವನ ಮೈಸೂರು ಕಡೆ ಮೇಲೆ, ಮೌಲಾಲಿಯ ರಾಯಚೂರು ಕೆಳಗೆ, ನಮ್ಮದು ನಡುವೆ ಎಲ್ಲೋ. ರಂಜಿತನ ಮುಖ ನೋಡಬೇಕಿತ್ತು, ಅವನೇ ಆ ಗಾಳಿ ಬೀಸಿದವನ ಹಾಗೆ.

"ನಮ್ ಕಡೆ ಬಂದ್ಬಿಡಿ ಕಾಕಾ. ಫ್ಯಾನೂ ಬೇಕಾಗಲ್ಲ, ರಗ್ಗೂ ಬೇಕಾಗಲ್ಲ."

"ಅಷ್ಟು ಒಳ್ಳೆ ಗಾಳಿ ಬಿಟ್ಟು ಈ ಮರಳಿಗೆ ಯಾಕೆ ಬಂದೆ ಮಾರಾಯ? ಅಲ್ಲೇ ಗಾಳಿ ತಿಂದುಕೊಂಡು ಇರಬೇಕಿತ್ತು," ಎಂದೆ. ಮೌಲಾಲಿ ಬಿದ್ದು ಬಿದ್ದು ನಕ್ಕ. ರಂಜಿತ್ ನಗಲಿಲ್ಲ.

ಮೌಲಾಲಿಯದು ಬೇರೆ ರಾಗ. "ಕಾಕಾ, ನಿಮ್ಮ ಊರಾಗ ಉಪ್ಪಿನ ಡಬ್ಬಿ ತೆರದ್ರ ನೀರು ಇರತದಂತ. ನಮ್ಮ ಕಡಿ ಬ್ಯಾಸಗ್ಯಾಗ ಹಸಿ ಅಂಗಿ ಹಾಕ್ಕೊಂಡು ಬಸ್‌ಸ್ಟ್ಯಾಂಡಿಗಿ ಹೋದ್ರ, ಅಲ್ಲಿಗಿ ಹೋಗೂದ್ರಾಗ ಇಸ್ತ್ರಿ ಆಗಿರತದ." ಬಿಸಿಲು ಕೆಟ್ಟದ್ದೇ, ಅವನೂ ಒಪ್ಪುತ್ತಾನೆ. ಏಪ್ರಿಲಿನಲ್ಲಿ ಹಕ್ಕಿ ಮರದಿಂದ ಬೀಳುವುದನ್ನು ನೋಡಿದವನು. ಆದರೆ ಸಂಜೆ ಮಾಳಿಗೆ ಮೇಲೆ ನೀರು ಚೆಲ್ಲಿ ಮಲಗಿದರೆ ಎದೆ ಹಗುರ ಇರುತ್ತದೆ ಎನ್ನುತ್ತಾನೆ. ನಾನು ಬಿಟ್ಟುಕೊಡಲಿಲ್ಲ. ನಮ್ಮ ಊರಿಗೆ ಅಂಕ ಹಾಕಿದವನು ಯಾವ ತಿಂಗಳಲ್ಲಿ ಬಂದಿದ್ದನಂತೆ, ಡಿಸೆಂಬರಿನಲ್ಲಿ ಬಂದಿದ್ದರೆ ನೂರಕ್ಕೆ ನೂರು ಕೊಡುತ್ತಿದ್ದ ಎಂದೆ. ಹೇಳಿದ ಮೇಲೆ ನನ್ನ ಮಾತೇ ನನಗೆ ಚುಚ್ಚಿತು. ನೀನು ಹೇಳಿದ್ದೂ ಅದನ್ನೇ ಅಲ್ಲವಾ?

ಎರಡು ದಿನ ಬಿಟ್ಟು ಫೋನ್ ಮಾಡಿದೆ. ದಾವಣಗೆರೆಯ ಸುದ್ದಿ ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇಬ್ಬರಿಗೂ ಹಠ. ಮಾತಾಡಲು ಏನೂ ಇಲ್ಲದೆ, ಮಳೆ ಉಂಟಾ ಎಂದು ಕೇಳಿದೆ. ಜೋರು ಉಂಟು ಎಂದೆ ನೀನು. ಕೇಳಿಸು ಎಂದೆ ನಾನು.

ಪ್ರತಿ ಮಳೆಗಾಲ ನಮ್ಮದು ಈ ಒಂದು ಪದ್ಧತಿ. ನೀನು ಚಾವಡಿಗೆ ಬಂದು ಫೋನನ್ನು ಮಳೆಗೆ ಹಿಡಿಯುವುದು, ನಾನು ಇಲ್ಲಿ ಸ್ಪೀಕರ್ ಹಾಕುವುದು. ಹೊರಗೆ ಮರಳು ಉರಿಯುತ್ತಿರುವಾಗ ಮಂಚದ ಮೇಲೆ ಬಿದ್ದುಕೊಂಡವರೆಲ್ಲ ಮಾತು ನಿಲ್ಲಿಸಿ ಉಚ್ಚಿಲದ ಮಳೆ ಕೇಳುತ್ತಾರೆ. ಮೇಲಿನ ಮಂಚದ ಪಾಕಿಸ್ತಾನಿಯೂ ಕೇಳುತ್ತಾನೆ. ತಗಡಿನ ಮೇಲೆ ಬೀಳುವುದು, ತೆಂಗಿನ ಗರಿಯಿಂದ ಇಳಿಯುವುದು, ನಡು ನಡುವೆ ಸಣ್ಣಗೆ ಒಂದು ಸಿಳ್ಳೆ. ಅದು ಕಿಟಕಿಯ ಸಂದಿಯಲ್ಲಿ ಕಡಲಗಾಳಿ ನುಗ್ಗುವುದು ಎಂದು ನಾನೇ ಎಷ್ಟು ವರ್ಷ ಎಲ್ಲರಿಗೂ ವಿವರಿಸಿದ್ದೇನೆ, ದೊಡ್ಡ ಜನದ ಹಾಗೆ.

ಮೌಲಾಲಿ ಈ ರೂಮಿಗೆ ಬಂದದ್ದು ಈ ವರ್ಷ. ಅವನು ಮೊದಲ ಸಲ ಕೇಳಿದ್ದು. ನೀನು ಫೋನ್ ಇಟ್ಟ ಮೇಲೆ ಎದ್ದು ಕೂತ.

"ಕಾಕಾ, ನಡುವ ಸಿಳ್ಳಿ ಬರತದಲ್ಲ, ಅದು ಗಾಳಿ ಅಲ್ರೀ. ಕಾಕಿ ಎದಿ ಅದು. ನಮ್ಮಪ್ಪ ಹತ್ತಿ ಮಿಲ್ಲಿನ್ಯಾಗ ದುಡದಾಂವ. ಮುಂಜಾನಿ ಅವನ ಎದ್ಯಾಗ ಹಿಂಗ ಸಪ್ಪಳ ಬರತಿತ್ತು."

ನಾನು ಉಣ್ಣುವ ತಟ್ಟೆ ತಳ್ಳಿ ಎದ್ದೆ. ನನ್ನ ಹೆಂಡತಿಯ ಎದೆ ನನಗಿಂತ ನಿನಗೆ ಗೊತ್ತಾ ಎಂದು ಕೂಗಿದೆ. ಅವನು ತಲೆ ತಗ್ಗಿಸಿ ನನ್ನ ತಟ್ಟೆ ಎತ್ತಿಟ್ಟ, ತಪ್ಪು ಮಾಡಿದವನ ಹಾಗೆ. ಪಾಪ, ಹುಡುಗ ಒಳ್ಳೆಯವನು. ಸಂಜೆ ನನಗೆ ಚಾ ತಂದು ಇಟ್ಟ.

ಮಾರನೇ ದಿನ ಮತ್ತೆ ಫೋನ್ ಮಾಡಿದೆ, ನೆನಪುಂಟಾ? ಮಳೆ ಕೇಳಿಸು ಎನ್ನಲಿಲ್ಲ. ಇವತ್ತು ಎಂಥ ಅಡುಗೆ ಎಂದು ಕೇಳಿದೆ. ಜೀವನದಲ್ಲಿ ಇಲ್ಲದ್ದು ಇವತ್ತು ಯಾಕೆ ಕೇಳುವುದು ಎಂದು ನೀನು ನಕ್ಕೆ. ಆಮೇಲೆ ಹೇಳಿದೆ. ಗಂಜಿ, ಉಸಿರು, ಹುರುಳಿ ಚಟ್ನಿ, ಉಸಿರು, ಒಣ ಮೀನು, ಮತ್ತೆ ಉಸಿರು. ಇಷ್ಟು ಮಾತನ್ನು ನೀನು ತುಂಡು ತುಂಡು ಮಾಡಿ ಹೇಳಿದೆ, ಮೆಟ್ಟಿಲು ಹತ್ತುತ್ತಾ ಮಾತಾಡುವವರ ಹಾಗೆ. ನೀನು ಕೂತಿದ್ದೆ, ಖೈರು. ಎಲ್ಲಿಗೂ ಹತ್ತುತ್ತಿರಲಿಲ್ಲ. ಸಿಳ್ಳೆ ಇತ್ತು, ಮಳೆ ನಿಂತಿದ್ದರೂ ಇತ್ತು.

ಆಮೇಲೆ ಶಿಫಾನಾಳಿಗೆ ಮಾಡಿದೆ. ಅವಳು ಮೊದಲು ಬಾಯಿ ಬಿಡಲಿಲ್ಲ, ಉಮ್ಮ ಆಣೆ ಹಾಕಿಸಿದ್ದಾರೆ ಎಂದಳು. ನಾನು ಕೂಗಿದ ಮೇಲೆ ಅವಳಿಗೂ ಸಿಟ್ಟು ಬಂತು. ನನ್ನ ಮಗಳಲ್ಲವಾ, ಬಾರದೆ ಇರುತ್ತದಾ?

"ಮಳೆಗಾಲದಲ್ಲಿ ಉಮ್ಮ ಮಲಗುವುದೇ ಇಲ್ಲ ಬಾಪ. ಮಲಗಿದರೆ ದಮ್ಮು ಕಟ್ಟುತ್ತದೆ. ದಿಂಬು ಒತ್ತಿಕೊಂಡು ಕೂತುಕೊಂಡೇ ಬೆಳಗು ಮಾಡುವುದು. ಗೋಡೆ ನೋಡಿದ್ದೀರಾ ನೀವು? ಎಲ್ಲಿಂದ ನೋಡುವುದು! ಆಗಸ್ಟಿನಲ್ಲಿ ಕಪ್ಪು ಬೂಷ್ಟು ಸೂರಿನವರೆಗೆ ಹತ್ತುತ್ತದೆ. ನೀವು ಬರುತ್ತೀರಿ ಅಂತ ನವೆಂಬರಿನಲ್ಲಿ ಪೇಂಟಿನವನನ್ನು ಕರೆಸುವುದು. ಆ ಬಣ್ಣದ ವಾಸನೆಗೆ ಮತ್ತೆ ದಮ್ಮು."

ನನಗೆ ಯಾಕೆ ಹೇಳಲಿಲ್ಲ ಎಂದೆ.

"ಹೇಳಿದರೆ ನೀವು ಎಂಥ ಮಾಡುತ್ತಿದ್ದಿರಿ? ಬೈಯುತ್ತಿದ್ದಿರಿ."

ಹೌದು, ಬೈಯುತ್ತಿದ್ದೆ. ಬಣ್ಣಕ್ಕೂ ಬೈದಿದ್ದೇನಲ್ಲ. ಹೋದ ಸಲ ಬಳಿಸಿದ ಬಣ್ಣ ಏನಾಯಿತು, ಗೋಡೆಗೆ ಎಷ್ಟು ಸಲ ಮದುವೆ ಮಾಡಿಸುತ್ತೀ ಎಂದು ಬಂದ ದಿನವೇ ರೇಗಿದ್ದು ನನಗೆ ನೆನಪಿದೆ. ನೀನು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದೆ. ನಗುತ್ತಿದ್ದೀ ಎಂದುಕೊಂಡೆ.

ಶಿಫಾನಾ ಇನ್ನೊಂದು ಹೇಳಿದಳು. ಹೋದ ಮಳೆಗಾಲದಲ್ಲಿ ಅವಳ ಬಾಣಂತನಕ್ಕೆ ದಾವಣಗೆರೆಗೆ ಹೋದೆಯಲ್ಲ, ಮೊದಲ ದಿನವೇ ನೀನು ಚಾಪೆಯ ಮೇಲೆ ಕಾಲು ಚಾಚಿ ಮಲಗಿ ನಿದ್ದೆ ಹೋದೆಯಂತೆ. ಅಷ್ಟು ನಿಶ್ಶಬ್ದವಾಗಿ ಮಲಗಿದ್ದನ್ನು ಅವಳು ನೋಡಿಯೇ ಇರಲಿಲ್ಲ. ಹೆದರಿ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದಳಂತೆ.

ಅದನ್ನು ಕೇಳಿ ನಾನು ಫೋನ್ ಇಟ್ಟುಬಿಟ್ಟೆ. ಸಿಟ್ಟಿಗಲ್ಲ.

ಊರು ಎಂದರೆ ಏನು ಖೈರು? ಜಗಳ ಎಷ್ಟು ಮಾಡಿದರೂ ಈ ವಯಸ್ಸಿಗೆ ನನಗೆ ತಿಳಿದದ್ದು ಇಷ್ಟೇ. ಎಲ್ಲ ಕಡೆಯೂ ಒಂದೊಂದು ಕೆಟ್ಟ ತಿಂಗಳು ಉಂಟು. ರಾಯಚೂರಿಗೆ ಮೇ, ನಮಗೆ ಜುಲೈ, ಇಲ್ಲಿಗೆ ಆಗಸ್ಟ್. ನಂಜನಗೂಡಿಗೂ ಯಾವುದೋ ಒಂದು ಇರಬೇಕು, ರಂಜಿತ್ ಹೇಳುವುದಿಲ್ಲ. ಆ ಕೆಟ್ಟ ತಿಂಗಳಲ್ಲಿ ಉಸಿರಾಡುವವರನ್ನು ಕೇಳದೆ ಊರಿಗೆ ಅಂಕ ಹಾಕಬಾರದು. ನಾನು ಅಬುಧಾಬಿಯಲ್ಲಿ ಅಲ್ ಮೀನಾ ಬಂದರಿನ ಹತ್ತಿರ ಇದ್ದಾಗ ಕಡಲ ಸೆಕೆಗೆ ನನ್ನ ಗಂಟುಗಳೆಲ್ಲ ಹಿಡಿದುಕೊಂಡಿದ್ದವು. ಇಲ್ಲಿಯ ಒಣ ಉರಿಗೆ ಬಂದ ಮೇಲೆ ಬಿಟ್ಟವು. ನನ್ನ ಮೈಗೆ ಗೊತ್ತಿದ್ದದ್ದು ನನ್ನ ತಲೆಗೆ ಹೋಗಲಿಲ್ಲ. ಎಸಿ ಮೆಷಿನಿನ ಸದ್ದು ಕೇಳಿ ಅದರ ಕಾಯಿಲೆ ಹೇಳುತ್ತೇನೆ ಎಂದು ಜಂಬ ಬೇರೆ.

ಈಗ ಕೇಳು. ನಡುವೆ ಬಾಯಿ ಹಾಕಬೇಡ.

ಮೊನ್ನೆ ಫೋರ್‌ಮನ್ ಹತ್ತಿರ ಹೋಗಿ ಆಗಸ್ಟಿಗೆ ಊರಿಗೆ ಹೋಗಬೇಕು ಎಂದೆ. ಸೀಸನ್‌ನಲ್ಲಿ ರಜೆ ಮಾಫಿ, ಇಲ್ಲವೇ ಇಲ್ಲ ಎಂದ. ಹಾಗಾದರೆ ಖಲಾಸ್, ವೀಸಾ ಕ್ಯಾನ್ಸಲ್ ಮಾಡು ಎಂದೆ. ಅವನು ಕುರ್ಚಿಯಿಂದ ಎದ್ದು ನನ್ನನ್ನು ಕೂರಿಸಿ ನೀರು ಕೊಟ್ಟ, ನನಗೆ ಬಿಸಿಲು ತಲೆಗೆ ಹತ್ತಿದೆ ಎಂದುಕೊಂಡು. ನೋಟಿಸ್ ಮುಗಿದ ಕೂಡಲೇ ಬರುತ್ತೇನೆ. ಡಿಸೆಂಬರಿಗೆ ಕಾಯುವುದಿಲ್ಲ.

ನೀನು ನನಗಾಗಿ ಉಚ್ಚಿಲದಲ್ಲಿ ಕಾಯಬೇಡ. ಈ ಕಾಗದ ಸಿಕ್ಕಿದ ಮೇಲಿನ ಭಾನುವಾರ ಸಫ್ವಾನ್ ಕಾರು ತರುತ್ತಾನೆ, ಹತ್ತಿ ಹೋಗು. ಅಳಿಯ ಬೇಕರಿ ಮುಚ್ಚಿ ಘಟ್ಟ ಇಳಿದು ಬರುವವನು, ಕಾಯಿಸಬೇಡ. ಮನೆ ಹುಡುಕಲು ಅವನಿಗೆ ಹೇಳಿದ್ದೇನೆ, ಮಂಡಕ್ಕಿ ಭಟ್ಟಿಯ ಹೊಗೆ ಬಾರದ ಕಡೆ, ಬೆಳಗಿನ ಬಿಸಿಲು ಒಳಗೆ ಬೀಳುವ ಹಾಗೆ ಇರಬೇಕು. ಮೀನಿನ ವಿಷಯ ನಿನ್ನ ಅಣ್ಣನ ಮಗ ಇಮ್ತಿಯಾಜ್ ಹೇಳಿದ, "ಮಾಮ, ಅಲ್ಲಿಗೆ ಬರುವ ಬಂಗುಡೆಗೆ ಕಡಲಿನ ನೆನಪೇ ಇರುವುದಿಲ್ಲ." ಇರಲಿ. ನನ್ನ ಹಲ್ಲೂ ಉದುರುತ್ತಾ ಬಂತು, ನೆನೆಸಿದ ಮಂಡಕ್ಕಿ ಮೆತ್ತಗೆ ಇರುತ್ತದೆ. ನನ್ನ ಬಾಪನ ಗೋರಿಯ ಪಕ್ಕ ಉಚ್ಚಿಲದ ಮಸೀದಿಯ ಮಣ್ಣಿನಲ್ಲೇ ನನ್ನನ್ನು ಇಡಬೇಕು ಎಂದು ಹಿಂದೆ ಹೇಳಿದ್ದೆನಲ್ಲ, ಆ ಮಾತಿಗೂ ಕಟ್ಟುಬೀಳಬೇಡ. ಸತ್ತವರಿಗೆ ದಮ್ಮಿಲ್ಲ. ಬದುಕಿರುವವರ ಹವೆ ಮೊದಲು ನೋಡುವ.

ಮನೆ ಮಾರುವುದಿಲ್ಲ. ಡಿಸೆಂಬರಿಗೆ ಇಬ್ಬರೂ ಇಳಿದು ಬರುವ. ಆ ಊರು ನನಗೆ ಇದ್ದದ್ದೇ ಆ ತಿಂಗಳಿಗೆ, ಆ ಒಂದು ತಿಂಗಳು ಅದರದ್ದೇ ಇರಲಿ.

ಇನ್ನೊಂದೇ ಮಾತು. ವಿಮಾನ ಇಳಿದು ನಾನು ಮೊದಲು ದಾವಣಗೆರೆಗೆ ಬರುವುದಿಲ್ಲ. ಉಚ್ಚಿಲಕ್ಕೆ ಹೋಗುತ್ತೇನೆ. ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟು ಹೋಗು. ಸ್ವಲ್ಪ ದಿನ ಆ ಮಳೆಯಲ್ಲಿ, ಆ ಮನೆಯಲ್ಲಿ, ನೀನು ಗೋಡೆಗೆ ಒರಗಿ ಕೂರುತ್ತಿದ್ದ ಜಾಗದಲ್ಲಿ ಕೂತು ಬರುತ್ತೇನೆ. ನಿನ್ನ ಬುದ್ಧಿ ನನಗೆ ಗೊತ್ತುಂಟು, ಈ ಕಾಗದ ಓದಿದ ಕೂಡಲೇ ಬ್ಲೀಚಿಂಗ್ ಪೌಡರ್ ಕಲಸಿ ಬಕೆಟ್ ಹಿಡಿಯುತ್ತೀ. ಹಿಡಿಯಬೇಡ. ಗೋಡೆ ಉಜ್ಜಬೇಡ, ಒರೆಸಬೇಡ. ನೀನು ಇಷ್ಟು ವರ್ಷ ನೋಡಿದ ಮನೆಯನ್ನು ಒಂದು ಸಲ ನಾನೂ ನೋಡಬೇಕು. ಹೇಗಿದೆಯೋ ಹಾಗೇ ಬಿಟ್ಟು, ಬಾಗಿಲು ಹಾಕಿ ಹೋಗು.

ಘಟ್ಟದ ಮೇಲೆ ತಲುಪಿದ ದಿನ ಫೋನ್ ಮಾಡು. ಏನೂ ಮಾತಾಡುವುದು ಬೇಡ, ಮಲಗಿಕೊಂಡು ಮೂಗಿನ ಹತ್ತಿರ ಇಟ್ಟುಕೋ. ಸ್ಪೀಕರ್ ಹಾಕುವುದಿಲ್ಲ, ನಾನೊಬ್ಬನೇ ಕೇಳುತ್ತೇನೆ.

ನಿನ್ನ ಒಂದೊಂದು ಉಸಿರನ್ನೂ ಅಲ್ಲಾಹು ಹಗುರ ಮಾಡಲಿ.

ಸಿಟ್ಟು ಇನ್ನೂ ಪೂರ್ತಿ ಇಳಿಯದ, ಆದರೆ ಈ ಸಲ ನಿನ್ನ ಮೇಲಲ್ಲದ,
ನಿನ್ನ ಹಮ್ಮಬ್ಬ
ಮದೀನತ್ ಜಾಯೆದ್, ಜುಲೈ